ಕೋಣೆಗೆ ಬಾಡಿಗೆ, ಹೆಸರಿಗೆ ಋಣ: ಸೆನೆಗಲ್‌ನ ಮನೆವಾಸ ಸೇವೆಯ ಒಂದು ವಿಮರ್ಶೆ

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶಕ್ಕೆ ಕೆಲಸ, ಸಂಶೋಧನೆ ಅಥವಾ ಸ್ವಯಂಸೇವೆಗೆಂದು ಹೋಗುವ ಹೊರದೇಶದವರಿಗೆ ಅಲ್ಲಿನ ಕೆಲವು ಭಾಷಾ ಶಾಲೆಗಳು ಒಂದು ಜೋಡಿ ಸೇವೆಯನ್ನು ಒದಗಿಸುತ್ತವೆ. ಬೆಳಗ್ಗೆ ಶಾಲೆಯಲ್ಲಿ ವೊಲೊಫ್ ಭಾಷೆಯ ಪಾಠ. ಊಟ, ನಿದ್ದೆ ಮತ್ತು ಉಳಿದ ಹೊತ್ತೆಲ್ಲ ಅದೇ ಊರಿನ ಒಂದು ಕುಟುಂಬದ ಜೊತೆ. ಕಲಬುರಗಿಯಲ್ಲಿ ಶೇಂಗಾ ಮತ್ತು ಸಜ್ಜೆ ಬೆಳೆಗಳ ಮೇಲೆ ಕೆಲಸ ಮಾಡುವ ನಾನೂ ಬೀದರ್ ಜಿಲ್ಲೆಯ ಹುಮನಾಬಾದಿನವರಾದ ನನ್ನ ಕಿರಿಯ ಸಹೋದ್ಯೋಗಿಯೂ ಮಳೆಗಾಲದಲ್ಲಿ ಥಿಯೆಸ್ ನಗರದಲ್ಲಿ ಈ ಸೇವೆಯನ್ನು ಪಡೆದೆವು. ಸೆನೆಗಲ್‌ನ ರೈತರ ಹೊಲದಲ್ಲಿ ಹೆಚ್ಚಾಗಿ ಕಾಣುವುದೂ ಇವೇ ಬೆಳೆಗಳು. ಆದರೆ ಆ ರೈತರೊಂದಿಗೆ ಮಾತಾಡಲು ಸರ್ಕಾರಿ ಕಚೇರಿಯ ಫ್ರೆಂಚ್ ಸಾಲದು, ವೊಲೊಫ್ ಬೇಕು.

ಶಾಲೆಯ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಇಂಥ ಸೇವೆಯ ಗುಣದೋಷಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿದ ಮನೆಯನ್ನು ಅವಲಂಬಿಸಿರುತ್ತದೆ, ಮನೆಯೋ ಬಂದ ಅತಿಥಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಒಂದು ಸಂಸ್ಥೆಗೆ ನಕ್ಷತ್ರಗಳನ್ನು ಕೊಡುವುದಕ್ಕಿಂತ, ಹಣ ಕಟ್ಟಿ ಹೊರಡುವವರಿಗೆ ಏನು ಸಿಗುತ್ತದೆ ಎಂಬುದನ್ನೂ, ಮುಖ್ಯವಾಗಿ ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ‘ನಿಮಗೆ ಸೆನೆಗಲ್‌ನ ಹೆಸರೊಂದನ್ನು ನೀಡಲಾಗುವುದು’ ಎಂಬ ಭರವಸೆಯ ಹಿಂದೆ ಏನೇನಿದೆ ಎಂಬುದನ್ನೂ ಬರೆಯುವುದು ಹೆಚ್ಚು ಉಪಯುಕ್ತವೆಂದು ನನಗೆ ಅನ್ನಿಸಿದೆ.

ಅನುಕೂಲಗಳ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಥಿಯೆಸ್ ರಾಜಧಾನಿ ಡಾಕಾರ್‌ನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. 2017ರ ಡಿಸೆಂಬರ್‌ನಲ್ಲಿ ಆರಂಭವಾದ ಹೊಸ ವಿಮಾನ ನಿಲ್ದಾಣ ಇವೆರಡು ಊರುಗಳ ನಡುವೆಯೇ ಇರುವುದರಿಂದ ರಾಜಧಾನಿಯ ವಾಹನ ದಟ್ಟಣೆಯಲ್ಲಿ ಸಿಲುಕದೆ ಮನೆ ತಲುಪಬಹುದು. ಊರು ರೈಲಿನಿಂದ ಬೆಳೆದದ್ದು. 1947ರ ಅಕ್ಟೋಬರ್‌ನಿಂದ 1948ರ ಮಾರ್ಚ್‌ವರೆಗೆ ನಡೆದ ರೈಲ್ವೆ ಕಾರ್ಮಿಕರ ದೊಡ್ಡ ಮುಷ್ಕರಕ್ಕೆ ಇದು ಕೇಂದ್ರವಾಗಿತ್ತು. ವಾಡಿ ಜಂಕ್ಷನ್ನಿನ ಸುತ್ತ ಬೆಳೆದವರಿಗೆ ಇಲ್ಲಿನ ಹಳೆಯ ಬಡಾವಣೆಗಳ ರೀತಿನೀತಿ ತಕ್ಷಣ ಅರ್ಥವಾಗುತ್ತದೆ. ನನಗೆ ದೊರೆತ ಕೋಣೆ ಅಂಗಳಕ್ಕೆ ತೆರೆದುಕೊಂಡಿತ್ತು, ಸೊಳ್ಳೆಪರದೆ ಇತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಸ್ನಾನಕ್ಕೆ ಬಕೆಟ್ಟು ಮತ್ತು ಮಗ್ಗು, ಅಂದರೆ ನಮ್ಮವರಿಗೆ ಹೊಸದೇನೂ ಇಲ್ಲ. ಕರೆಂಟು ಆಗಾಗ ಹೋಗುತ್ತಿತ್ತು, ಅದೂ ಹೊಸದಲ್ಲ. ಏಪ್ರಿಲ್-ಮೇ ತಿಂಗಳ ಕಲಬುರಗಿಯನ್ನು ಕಂಡವರು ಅಲ್ಲಿಯ ಬಿಸಿಲಿಗೆ ಹೆದರಬೇಕಾಗಿಲ್ಲ. ಮಳೆಗಾಲದ ಸೆಕೆಗೆ ಮಾತ್ರ ಸಿದ್ಧರಾಗಿರಬೇಕು.

ಇನ್ನು ಹೆಸರಿನ ವಿಷಯ. ಮೊದಲ ದಿನ ಶಾಲೆಯಲ್ಲಿ ನಡೆದ ಸ್ವಾಗತ ಕಾರ್ಯಕ್ರಮದಲ್ಲಿ ಎಲ್ಲರ ಕೊರಳಿಗೂ ಒಂದೊಂದು ಬ್ಯಾಡ್ಜ್ ಹಾಕಿದರು. ಅದರಲ್ಲಿ ಮೊದಲೇ ಅಚ್ಚು ಮಾಡಿಸಿದ ಸೆನೆಗಲ್ ಹೆಸರುಗಳಿದ್ದವು. ಹೆಂಗಸರಿಗೆ ಹೆಂಗಸರ ಪಟ್ಟಿಯಿಂದ, ಗಂಡಸರಿಗೆ ಗಂಡಸರ ಪಟ್ಟಿಯಿಂದ, ಕೈಗೆ ಸಿಕ್ಕಿದ್ದನ್ನು ಸಿಕ್ಕವರಿಗೆ. ಫೋಟೋ ತೆಗೆದರು, ಚಪ್ಪಾಳೆ ಹೊಡೆದರು. ಅಂದು ಮಧ್ಯಾಹ್ನ ಮನೆಗೆ ಹೋದಾಗ, ಹಿರಿಯ ಅಜ್ಜಿ ಆ ಬ್ಯಾಡ್ಜನ್ನು ಸೊಸೆಯಿಂದ ಓದಿಸಿ ಕೇಳಿ, ಕೊರಳಿನಿಂದ ತೆಗೆದು ಕಪಾಟಿನ ಮೇಲಿಟ್ಟರು. ನನ್ನ ಸ್ವಂತ ಹೆಸರೇನು, ತಂದೆಯ ಹೆಸರೇನು, ಮಕ್ಕಳೆಷ್ಟು, ಹಿರಿಯ ಮಗಳೋ ಕಿರಿಯ ಮಗಳೋ ಎಂದು ಅವರ ಮೊಮ್ಮಗನ ಮೂಲಕ ವಿವರವಾಗಿ ಕೇಳಿದರು. ನಮ್ಮಲ್ಲಿ ಬೀಗತನಕ್ಕೆ ಬಂದವರು ಕೇಳುವುದಕ್ಕಿಂತ ಹೆಚ್ಚೇ ಕೇಳಿದರು ಎನ್ನಬೇಕು. ಎಲ್ಲವೂ ಮುಗಿದ ಮೇಲೆ ತಮ್ಮದೇ ಹೆಸರಾದ ಮರೇಮ್ ಎಂಬುದನ್ನು ನನಗೆ ಕೊಟ್ಟರು. ಮನೆತನದ ಹೆಸರು ಜೋಪ್ ಆಗಿದ್ದರಿಂದ ನಾನು ಆ ಓಣಿಗೆ ಮರೇಮ್ ಜೋಪ್ ಆದೆ.

ಅಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವ ಕ್ರಮ ಬೇರೆ, ಅತಿಥಿಗೆ ಹೆಸರಿಡುವ ಕ್ರಮ ಬೇರೆ ಎಂಬುದನ್ನು ಹೊರಡುವವರು ತಿಳಿದಿರುವುದು ಒಳ್ಳೆಯದು. ಮಗುವಿನದು ನ್ಗೆಂತೆ ಎಂಬ ಶಾಸ್ತ್ರ; ಹುಟ್ಟಿದ ವಾರದ ಮೇಲೆ, ಎಂಟನೆಯ ದಿನ, ಇಮಾಮರು ಅಥವಾ ಮನೆಯ ಹಿರಿಯರು ಮಗುವಿನ ಕಿವಿಯಲ್ಲಿ ಪ್ರಾರ್ಥನೆಯ ಕರೆಯನ್ನೂ ಹೆಸರನ್ನೂ ಹೇಳುತ್ತಾರೆ, ಅನುಕೂಲವಿದ್ದವರು ಟಗರು ಕಡಿಯುತ್ತಾರೆ, ಬಂದವರಿಗೆಲ್ಲ ಲಾಖ್ ಬಡಿಸುತ್ತಾರೆ. ಲಾಖ್ ಎಂದರೆ ಸಜ್ಜೆಯ ನುಚ್ಚನ್ನು ಬೇಯಿಸಿ ಮೇಲೆ ಹುಳಿ ಮೊಸರು ಸುರಿದ ತಿನಿಸು. ಸಕ್ಕರೆಯನ್ನು ತೆಗೆದರೆ ನಮ್ಮ ನುಚ್ಚು ಮಜ್ಜಿಗೆಯ ನೆಂಟ. ಕಾರ್ಯದಲ್ಲಿ ತಂದೆಯ ಅಕ್ಕತಂಗಿಯರಿಗೆ ವಿಶೇಷ ಮರ್ಯಾದೆಯಿದೆ, ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆಗೆ ಇರುವ ಹಾಗೆಯೇ. ಅತಿಥಿಗೆ ಇದಾವುದೂ ಇಲ್ಲ. ಹಿರಿಯರೊಬ್ಬರು ಒಮ್ಮೆ ಹೇಳುತ್ತಾರೆ, ಮನೆಯವರೆಲ್ಲ ಒಮ್ಮೆ ಕರೆಯುತ್ತಾರೆ, ಅಷ್ಟೇ. ಕರಪತ್ರದ ‘ನಾಮಕರಣ ಸಮಾರಂಭ’ ಎಂಬ ಮಾತನ್ನು ನಂಬಿ ಡೋಲು, ಕುಣಿತ ನಿರೀಕ್ಷಿಸಿ ಹೋದವರಿಗೆ ನಿರಾಸೆಯಾದೀತು. ನನ್ನ ದೃಷ್ಟಿಯಲ್ಲಿ ಸದ್ದಿಲ್ಲದೆ ನಡೆದದ್ದೇ ಸರಿ, ಏಕೆಂದರೆ ಇದು ನೋಡುಗರಿಗಾಗಿ ಮಾಡಿದ ಕಾರ್ಯವಲ್ಲ.

ಹೆಸರು ಕೊಟ್ಟವರಿಗೂ ಪಡೆದವರಿಗೂ ನಡುವೆ ಉಂಟಾಗುವ ನಂಟನ್ನು ಶಾಲೆ ವಿವರಿಸಿರಲಿಲ್ಲ. ಈ ಸೇವೆಯ ಅತ್ಯಂತ ಮುಖ್ಯ ಭಾಗ ಅದೇ. ಒಬ್ಬರ ಹೆಸರನ್ನು ಹೊತ್ತವರನ್ನು ಅವರ ತುರಂದೋ ಎನ್ನುತ್ತಾರೆ, ಮತ್ತು ಈ ಸಂಬಂಧ ಬಾಯಿಮಾತಿನದಲ್ಲ. ನಾನು ಅಜ್ಜಿಯ ತುರಂದೋ ಆದದ್ದರಿಂದ ಮನೆಯ ಸಣ್ಣ ಮಕ್ಕಳು ನನ್ನನ್ನು ಅಜ್ಜಿ ಎನ್ನತೊಡಗಿದರು. ನನಗಿಂತ ಹಿರಿಯಳಾದ ಮನೆಯ ಸೊಸೆ ನನ್ನ ಮುಂದೆ ಬೇಕೆಂದೇ ಬಗ್ಗಿ ನಮಸ್ಕರಿಸಿ, ‘ಅತ್ತೆಯವರೇ, ಅಡುಗೆಗೆ ಏನು ಅಪ್ಪಣೆ’ ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ತಾತನ ಹೆಸರಿಟ್ಟ ಮೊಮ್ಮಗನನ್ನು ಹೆಸರು ಹಿಡಿದು ಕರೆಯಲಾಗದೆ, ಬೈಯಲೂ ಆಗದೆ ‘ಮುತ್ಯಾ’ ಎಂದೇ ಕರೆದು ಬೆಳೆಸಿದ ತಾಯಂದಿರು ಕಲಬುರಗಿಯ ಯಾವ ಓಣಿಯಲ್ಲಿಯಾದರೂ ಸಿಗುತ್ತಾರೆ. ಹಾಗಾಗಿ ಆ ಆಟದ ಒಳಗುಟ್ಟು ನನಗೆ ಬೇಗ ಸಿಕ್ಕಿತು. ಅದೇ ತರಗತಿಯಲ್ಲಿದ್ದ ಯುರೋಪಿನ ಯುವತಿಯೊಬ್ಬಳಿಗೆ ಇದು ತಿಳಿಯಲು ಬಹಳ ಕಾಲ ಹಿಡಿಯಿತು, ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಆಕೆ ನೊಂದುಕೊಂಡದ್ದೂ ಉಂಟು. ಅರ್ಧ ಗಂಟೆಯ ಒಂದು ಪಾಠವಿದ್ದರೆ ಆ ನೋವು ತಪ್ಪುತ್ತಿತ್ತು.

ತುರಂದೋ ಆದ ಮೇಲೆ ಕೊಡುಕೊಳ್ಳುವುದೂ ಇದೆ. ಹಬ್ಬಕ್ಕೆ, ಹುಟ್ಟಿದ ಮನೆಯ ಕಾರ್ಯಕ್ಕೆ, ಊರಿಗೆ ಹೊರಡುವಾಗ ಒಬ್ಬರಿಗೊಬ್ಬರು ಏನಾದರೂ ಕೊಡಬೇಕು. ಅಜ್ಜಿ ನನಗೆ ಬಟ್ಟೆ ಕೊಡಿಸಿ ಓಣಿಯ ದರ್ಜಿಯ ಹತ್ತಿರ ಅಳತೆ ಕೊಡಿಸಿದರು. ನಾನು ಒಯ್ದಿದ್ದ ಗುಳೇದಗುಡ್ಡದ ಖಣ ಅವರಿಗೆ ಹೋಯಿತು. ಸಹೋದ್ಯೋಗಿ ಬೀದರಿನಿಂದ ಪುಟ್ಟ ಬಿದರಿ ಡಬ್ಬಿಯೊಂದನ್ನು ತಂದಿದ್ದರು. ಸತು-ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಕಪ್ಪು ಬಣ್ಣ ಬರಿಸುವ ಕೆಲಸವನ್ನು ಅವರು ಹರುಕು ವೊಲೊಫ್‌ನಲ್ಲಿ ವಿವರಿಸಿದಾಗ, ಅವರ ಮನೆಯ ಯಜಮಾನರು ಡಬ್ಬಿಗಿಂತ ಆ ಮಣ್ಣಿನ ಬಗ್ಗೆಯೇ ಹೆಚ್ಚು ಪ್ರಶ್ನೆ ಕೇಳಿದರು. ಸೇವೆಯ ಶುಲ್ಕದ ಲೆಕ್ಕ ಹಾಕುವವರು ಈ ಖರ್ಚನ್ನೂ ಸೇರಿಸಿಕೊಳ್ಳಬೇಕು. ಒಂದು ರೂಪಾಯಿಗೆ ಅಲ್ಲಿಯ ಹಣವಾದ ಸಿಎಫ್‌ಎ ಫ್ರಾಂಕ್ ಸುಮಾರು ಆರೇಳು ಬರುತ್ತದೆ. ಈ ನಾಣ್ಯವನ್ನು ಯೂರೋಗೆ ಗಟ್ಟಿಯಾಗಿ ಕಟ್ಟಿಹಾಕಿರುವುದರಿಂದ ಯೂರೋ ಮತ್ತು ರೂಪಾಯಿಯ ನಡುವಿನ ದರ ಏರುಪೇರಾದಂತೆ ಇದರ ದರವೂ ಏರುಪೇರಾಗುತ್ತದೆ.

ಇಟ್ಟ ಹೆಸರಿಗಿಂತ ಹೆಚ್ಚು ಕೆಲಸ ಮಾಡಿದ್ದು ಅಡ್ಡಹೆಸರು, ಅಂದರೆ ಮನೆತನದ ಹೆಸರು. ವೊಲೊಫ್ ಜನ ಭೇಟಿಯಾದಾಗ ನಮಸ್ಕಾರದ ಮಾತುಗಳ ನಡುವೆ ಎದುರಿಗಿರುವವರ ಅಡ್ಡಹೆಸರನ್ನು ಮತ್ತೆ ಮತ್ತೆ ಹೇಳುತ್ತಾರೆ. ‘ಜೋಪ್’ ಎನ್ನುತ್ತಾರೆ, ಹೇಗಿದ್ದೀರಿ ಎನ್ನುತ್ತಾರೆ, ಮನೆಯವರು ಹೇಗಿದ್ದಾರೆ ಎನ್ನುತ್ತಾರೆ, ಮತ್ತೆ ‘ಜೋಪ್’ ಎನ್ನುತ್ತಾರೆ; ನಾವೂ ಅವರ ಅಡ್ಡಹೆಸರನ್ನು ಹಾಗೆಯೇ ತಿರುಗಿಸಿ ಹೇಳಬೇಕು. ಸಂತೆಯಲ್ಲಿ ತರಕಾರಿ ಮಾರುವವಳು, ಗಾಡಿಯ ನಿರ್ವಾಹಕ, ಪಂಚಾಯಿತಿಯ ಮುಖಂಡ, ಎಲ್ಲರದೂ ಮೊದಲ ಪ್ರಶ್ನೆ ಅಡ್ಡಹೆಸರು ಯಾವುದು ಎಂಬುದೇ. ಅದು ತಿಳಿದ ಕೂಡಲೇ ಮಾತಿನ ಧಾಟಿ ಗೊತ್ತಾಗಿಬಿಡುತ್ತದೆ, ಏಕೆಂದರೆ ಅಲ್ಲಿ ಮನೆತನಗಳ ನಡುವೆ ಹಾಸ್ಯದ ನಂಟು ಎಂಬುದೊಂದಿದೆ. ಜೋಪ್ ಮನೆತನದವರೂ ನ್ಜಾಯ್ ಮನೆತನದವರೂ ಕಂಡಲ್ಲಿ ಒಬ್ಬರನ್ನೊಬ್ಬರು ಹೊಟ್ಟೆಬಾಕರು, ಕಳ್ಳರು, ನಮ್ಮ ಆಳುಗಳು ಎಂದು ಹೀಯಾಳಿಸಬೇಕು, ಸಿಟ್ಟಾಗುವಂತಿಲ್ಲ. ಸೆರೇರ್ ಮತ್ತು ಫುಲಾ ಜನಾಂಗಗಳ ನಡುವೆ, ಸೆರೇರ್ ಮತ್ತು ಜೋಲಾ ಜನಾಂಗಗಳ ನಡುವೆಯೂ ಇಂಥದೇ ಪರಿಪಾಠವಿದೆ. ನಮ್ಮಲ್ಲಿ ಭಾವಮೈದುನರು, ಸೋದರತ್ತೆಯ ಮಕ್ಕಳು ಪರಸ್ಪರ ಆಡುವ ಕುಚೇಷ್ಟೆಯನ್ನು ಇಡೀ ದೇಶದ ಅಳತೆಗೆ ಹಿಗ್ಗಿಸಿದ ಹಾಗೆ.

ಕಾಕತಾಳೀಯವೆಂಬಂತೆ ಸಹೋದ್ಯೋಗಿಗೆ ಸಿಕ್ಕಿದ್ದು ನ್ಜಾಯ್ ಮನೆ. ಅವರ ಮನೆಯವರು ನಮ್ಮ ಮನೆಗೆ ಊಟಕ್ಕೆ ಬಂದ ಭಾನುವಾರ, ಹಿಂದಿನ ವಾರದವರೆಗೆ ಕಲಬುರಗಿಯ ಕಚೇರಿಯ ಶಿಷ್ಟಾಚಾರದಲ್ಲಿ ನನ್ನನ್ನು ಮಾತಾಡಿಸುತ್ತಿದ್ದ ಆ ಯುವಕ, ಅವರ ಮನೆಯ ಯಜಮಾನರು ಕಿವಿಯಲ್ಲಿ ಹೇಳಿಕೊಟ್ಟಂತೆ, ಜೋಪ್ ಜನರ ಮುಂದೆ ಅನ್ನದ ಪಾತ್ರೆ ಇಟ್ಟರೆ ಪಾತ್ರೆಯೂ ಉಳಿಯುವುದಿಲ್ಲ ಎಂದು ನನಗೇ ಹೇಳಬೇಕಾಯಿತು. ಹೇಳಿದ ಮೇಲೆ ಕನ್ನಡದಲ್ಲಿ, ‘ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ, ಅವರು ಅನ್ನು ಅಂದಾರ್ರಿ’ ಎಂದು ಪಿಸುಗುಟ್ಟಿದರು. ಅಂಗಳವೆಲ್ಲ ನಕ್ಕಿತು. ಅವರಿಗೆ ಇನ್ನೊಂದು ಪೀಕಲಾಟವೂ ಇತ್ತು. ಸೆನೆಗಲ್‌ನ ಊರೂರುಗಳ ನಡುವೆ ಓಡುವ ಬಿಳಿ ಬಣ್ಣದ ಮಿನಿ ಬಸ್ಸುಗಳನ್ನು ಅವುಗಳನ್ನು ಮೊದಲು ಓಡಿಸಿದ ಸಾರಿಗೆ ಉದ್ಯಮಿಯ ಹೆಸರಿನಿಂದ ‘ನ್ಜಾಗಾ ನ್ಜಾಯ್’ ಎಂದೇ ಕರೆಯುತ್ತಾರೆ. ಹೀಗಾಗಿ ಬಸ್ ನಿಲ್ದಾಣದಲ್ಲಿ ಹೆಸರು ಹೇಳಿದರೆ ಸಾಕು, ಎಷ್ಟು ಸೀಟು ಖಾಲಿ ಇವೆ ಎಂದು ಹುಡುಗರು ಅವರನ್ನೇ ಕೇಳುತ್ತಿದ್ದರು. ‘ನನಗ ಬಸ್ಸಿನ ಹೆಸರು ಇಟ್ಟಾರ್ರಿ’ ಎಂದು ಹುಮನಾಬಾದಿಗೆ ಫೋನಿನಲ್ಲಿ ದೂರು ಹೋಯಿತು.

ನಗುವಿನ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲಬುರಗಿ ಕಡೆಯವರಿಗೆ ಅಡ್ಡಹೆಸರು ಕೇಳುವುದರ ಹಿಂದೆ ಏನಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ವೊಲೊಫ್ ಸಮಾಜದಲ್ಲಿಯೂ ಹುಟ್ಟಿನಿಂದ ಬಂದ ಮೇಲುಕೀಳು ಇದೆ. ಹೊಗಳುಭಟರು, ಕಮ್ಮಾರರು ಮೊದಲಾದ ಕಸುಬಿನ ಮನೆತನಗಳನ್ನು ಕೆಲವು ಅಡ್ಡಹೆಸರುಗಳಿಂದಲೇ ಗುರುತಿಸುತ್ತಾರೆ, ಅಂಥ ಮನೆಗಳೊಂದಿಗೆ ಹೆಣ್ಣುಗಂಡಿನ ಸಂಬಂಧ ಬೇಡವೆನ್ನುವವರು ಇಂದಿಗೂ ಇದ್ದಾರೆ. ಮನೆತನದ ಹಾಸ್ಯ ಎರಡೂ ಕಡೆಯಿಂದ ಸರಿಸಮವಾಗಿ ನಡೆಯುತ್ತದೆ, ಆದ್ದರಿಂದ ಅದು ಸಹ್ಯ. ಈ ಇನ್ನೊಂದು ವಿಷಯದಲ್ಲಿ ಹಾಸ್ಯವಿಲ್ಲ. ಕೊಟ್ಟ ಹೆಸರಿನ ಬಲದಿಂದ ಒಂದು ಮಧ್ಯಾಹ್ನದಲ್ಲಿ ನನಗೆ ಸಿಕ್ಕ ಮರ್ಯಾದೆ, ಅದೇ ಓಣಿಯಲ್ಲಿ ಹುಟ್ಟಿದ ಎಲ್ಲರಿಗೂ ಸಿಗುತ್ತಿರಲಿಲ್ಲ ಎಂಬುದು ನನಗೆ ಮುಜುಗರ ತಂದ ಸಂಗತಿ. ಶಾಲೆಯ ಪಠ್ಯದಲ್ಲಿ ಇದರ ಸುಳಿವೇ ಇರಲಿಲ್ಲ, ಕೇಳಿದಾಗ ಮೇಷ್ಟ್ರು ಮಾತು ತೇಲಿಸಿದರು.

ಹೆಸರುಗಳ ಹಿಂದಿನ ಭಕ್ತಿಯ ವಿಷಯದಲ್ಲಿ ನಮ್ಮವರಿಗೆ ಪರಿಚಯದ ಗಾಳಿ ಬೀಸುತ್ತದೆ. ಸೆನೆಗಲ್‌ನ ಮುಸ್ಲಿಮರಲ್ಲಿ ಬಹುಪಾಲು ಜನ ಒಂದಿಲ್ಲೊಂದು ಸೂಫಿ ಪಂಥಕ್ಕೆ ನಡೆದುಕೊಳ್ಳುತ್ತಾರೆ. ಮುರೀದ್ ಪಂಥದ ಸ್ಥಾಪಕ ಅಮದು ಬಂಬಾ ಅವರ ತಾಯಿ ಮಾಮ್ ಜಾರಾ ಬುಸ್ಸೊ ಅವರ ಹೆಸರನ್ನು ಹೊತ್ತ ಹುಡುಗಿಯರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಶರಣಬಸಪ್ಪ, ಶರಣಮ್ಮ, ಬಂದೇನವಾಜ್ ಎಂಬ ಹೆಸರುಗಳು ಹಾಜರಿ ಪುಸ್ತಕದ ತುಂಬ ಇರುವ ಊರಿನಿಂದ ಹೋದ ನನಗೆ, ಗುರುವಿನ ಹೆಸರಿಟ್ಟರೆ ಗುರುವಿನ ನೆರಳು ಮಗುವಿನ ಮೇಲಿರುತ್ತದೆ ಎಂಬ ನಂಬಿಕೆಯನ್ನು ಯಾರೂ ವಿವರಿಸಬೇಕಾಗಲಿಲ್ಲ. ಮನೆಯ ಯಜಮಾನರಿಗೆ ಖಾಜಾ ಬಂದೇನವಾಜರ ದರ್ಗಾದ ಉರುಸಿನ ಫೋಟೋ ತೋರಿಸಿದಾಗ, ನನ್ನ ಧರ್ಮ ಯಾವುದೆಂದು ತಿಳಿದಿದ್ದರೂ, ಆ ಊರಿನವಳೆಂಬ ಕಾರಣಕ್ಕೆ ಅವರು ನೆರೆಯವರನ್ನು ಕರೆದು ಮತ್ತೆ ನನ್ನನ್ನು ಪರಿಚಯಿಸಿದರು.

ಹೆಸರು ಬದಲಾಗುವುದು ಎಂದರೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಬೇರೆ ನೆನಪುಗಳಿವೆ. ಮದುವೆಯಾಗಿ ಬಂದ ಸೊಸೆಯ ಹೆಸರನ್ನು ಗಂಡನ ಮನೆಯವರು ಬದಲಿಸುವ ರೂಢಿ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಇತ್ತು, ಕೆಲವೆಡೆ ಈಗಲೂ ಇದೆ. ತವರಿನ ಹೆಸರು ತವರಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತದೆ. ಸೊಸೆ ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಹೇಳುವಂತಿಲ್ಲ, ಅವಳ ಹೆಸರನ್ನು ಮಾತ್ರ ಯಾರು ಬೇಕಾದರೂ ಬದಲಿಸಬಹುದು. ಈ ಹಿನ್ನೆಲೆಯಿಂದ ಹೋದ ನನಗೆ, ಮನೆಗೆ ಬಂದ ಮೊದಲ ದಿನವೇ ಹೊಸ ಹೆಸರು ಎಂದಾಗ ಮನಸ್ಸು ಸ್ವಲ್ಪ ಹಿಂಜರಿದದ್ದು ನಿಜ. ಆದರೆ ಅಲ್ಲಿಯ ಕ್ರಮ ಬೇರೆ. ಸೆನೆಗಲ್‌ನಲ್ಲಿ ಮದುವೆಯಾದ ಹೆಂಗಸು ಸಾಮಾನ್ಯವಾಗಿ ತನ್ನ ತಂದೆಯ ಮನೆತನದ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ನಮ್ಮ ಮನೆಯ ಸೊಸೆ ಜೋಪ್ ಆಗಿರಲಿಲ್ಲ, ಆಗಬೇಕೆಂದು ಯಾರೂ ಹೇಳಿರಲಿಲ್ಲ, ಅವಳ ಅಡ್ಡಹೆಸರನ್ನು ಹಿಡಿದು ಮನೆಯವರೆಲ್ಲ ಅವಳನ್ನು ಚೇಷ್ಟೆ ಮಾಡುತ್ತಿದ್ದರು, ಅವಳು ಎರಡರಷ್ಟು ತಿರುಗಿಸಿ ಕೊಡುತ್ತಿದ್ದಳು. ನನ್ನ ಹಳೆಯ ಹೆಸರನ್ನೂ ಅವರು ಮರೆಯಲಿಲ್ಲ. ಹೊರಗಿನವರಿಗೆ ಪರಿಚಯ ಮಾಡಿಕೊಡುವಾಗ ಮೊದಲು ಕಲಬುರಗಿಯ ಹೆಸರು ಹೇಳಿ, ಆಮೇಲೆ ತಾವಿಟ್ಟದ್ದನ್ನು ಹೇಳುತ್ತಿದ್ದರು. ಈ ಕಾರಣಕ್ಕಾಗಿಯೇ ನಾನು ಈ ಸೇವೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಕಚೇರಿ ಕೊಟ್ಟ ಹೆಸರಿಗೂ ಮನೆ ಕೊಟ್ಟ ಹೆಸರಿಗೂ ಇರುವ ವ್ಯತ್ಯಾಸ ನಮ್ಮೂರಿನವರಿಗೆ ಗೊತ್ತಿಲ್ಲದ್ದಲ್ಲ. 2014ರ ನವೆಂಬರ್ 1ರಂದು ರಾಜ್ಯದ ಇನ್ನೂ 11 ನಗರಗಳ ಜೊತೆ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು; 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹಳ್ಳಿಯ ಜನ ಮೊದಲಿನಿಂದಲೂ ಕಲಬುರ್ಗಿ ಎಂದೇ ಅನ್ನುತ್ತಿದ್ದುದರಿಂದ ಮೊದಲನೆಯದು ಸಲೀಸಾಗಿ ನಿಂತಿತು, ಆದರೂ ಬಸ್ಸಿನಲ್ಲಿ ಇಂದಿಗೂ ಗುಲ್ಬರ್ಗಾಕ್ಕೆ ಟಿಕೆಟ್ ಕೇಳುವವರಿದ್ದಾರೆ. ಶಾಲೆಯ ಬ್ಯಾಡ್ಜಿಗೆ ಅಷ್ಟು ಆಯುಷ್ಯವೂ ಸಿಗಲಿಲ್ಲ. ನಮ್ಮ ತರಗತಿಯಲ್ಲಿದ್ದವರಲ್ಲಿ ಬ್ಯಾಡ್ಜಿನ ಹೆಸರನ್ನು ಕೊನೆಯವರೆಗೆ ಬಳಸಿದವರು, ಕುಟುಂಬದ ಬದಲು ಹೋಟೆಲಿನಲ್ಲಿ ಉಳಿದವರು ಮಾತ್ರ. ಹೆಸರನ್ನು ಯಾರು, ಯಾವ ಲೆಕ್ಕದಿಂದ ಇಟ್ಟರೆಂದು ಕೇಳಿದರೆ ಅವರ ಹತ್ತಿರ ಉತ್ತರವಿರಲಿಲ್ಲ. ಊರಿನವರು ಆ ಪ್ರಶ್ನೆಯನ್ನು ಕೇಳದೆ ಬಿಡುವುದೂ ಇಲ್ಲ. ಶುಲ್ಕ ಪಡೆದ ಸಂಸ್ಥೆ ಈ ಪಟ್ಟಿಯ ಪದ್ಧತಿಯನ್ನು ನಿಲ್ಲಿಸಿ, ಹೆಸರಿಡುವ ಕೆಲಸವನ್ನು ಪೂರ್ತಿಯಾಗಿ ಮನೆಗಳಿಗೆ ಬಿಡಬೇಕು ಎಂಬುದು ನನ್ನ ಮುಖ್ಯ ಆಕ್ಷೇಪ. 1963ರಿಂದ ಆ ದೇಶಕ್ಕೆ ಬರುತ್ತಿರುವ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರಿಗೂ ಆತಿಥೇಯ ಕುಟುಂಬಗಳೇ ಹೆಸರಿಡುವ ವಾಡಿಕೆ ಇರುವಾಗ, ಶಾಲೆಗೆ ಹೊಸ ದಾರಿಯನ್ನೇನೂ ಹುಡುಕಬೇಕಾಗಿಲ್ಲ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ನೇರವಾಗಿ ಹೇಳುವುದಾದರೆ, ಕಷ್ಟವಿದೆ, ಉಪವಾಸವಿಲ್ಲ. ಅಲ್ಲಿಯ ಹೆಮ್ಮೆಯ ಅಡುಗೆ ಮೀನು ಮತ್ತು ನುಚ್ಚಕ್ಕಿಯ ಚೆಬು ಜೆನ್. 2021ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅದನ್ನು ಉಣ್ಣದವರನ್ನು ಕಂಡು ಜನ ಮರುಗುತ್ತಾರೆ. ಒಂದೇ ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕುಳಿತು ತಮ್ಮ ತಮ್ಮ ಮುಂದಿನ ಭಾಗವನ್ನು ಮಾತ್ರ ಉಣ್ಣುವ ಪದ್ಧತಿಯಾದ್ದರಿಂದ, ಮನೆಯಾಕೆ ಪ್ರೀತಿಯಿಂದ ಒಳ್ಳೆಯ ತುಂಡುಗಳನ್ನು ಅತಿಥಿಯ ಕಡೆಗೆ ತಳ್ಳುತ್ತಿರುತ್ತಾರೆ. ಮೀನು ಮಾಂಸ ಮುಟ್ಟುವುದಿಲ್ಲವೆಂದು ಶಾಲೆಯ ಅರ್ಜಿಯಲ್ಲಿ ಬರೆದಿದ್ದರೂ ಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ. ತಿಳಿದ ಮೇಲೆ ನನಗೆ ಪ್ರತ್ಯೇಕ ಬಟ್ಟಲು ಬಂತು: ಅಲಸಂದೆಯ ನ್ದಾಂಬೆಯನ್ನು ಬ್ರೆಡ್ಡಿನೊಂದಿಗೆ, ಶೇಂಗಾ ಅರೆದು ಮಾಡಿದ ಮಾಫೆಯನ್ನು ಮಾಂಸವಿಲ್ಲದೆ, ರಾತ್ರಿಗೆ ಸಜ್ಜೆಯ ಪುಟ್ಟ ಕಾಳಿನಂಥ ಉಪ್ಪಿಟ್ಟನ್ನು. ಶೇಂಗಾ ಹಿಂಡಿಯ ಜೊತೆ ಸಜ್ಜೆ ರೊಟ್ಟಿ ಉಂಡು ಬೆಳೆದ ನಾಲಿಗೆಗೆ ಇದರಲ್ಲಿ ಕೊರತೆಯಿಲ್ಲ, ಖಾರವೊಂದನ್ನು ಬಿಟ್ಟು. ಪ್ರತ್ಯೇಕ ಬಟ್ಟಲಿನಲ್ಲಿ ಉಣ್ಣುವ ಜೋಪ್ ಇರಲು ಸಾಧ್ಯವೇ ಇಲ್ಲವೆಂದು ಅಜ್ಜಿ ತಕರಾರು ತೆಗೆದು, ಆ ಬಟ್ಟಲನ್ನು ದೊಡ್ಡ ಬೋಗುಣಿಗೆ ತಾಗಿಸಿ ಇಡಿಸಿದರು. ಊಟದ ನಂತರ ಪುದಿನಾ ಹಾಕಿದ ಅತ್ತಾಯ ಚಹಾ ಮೂರು ಸುತ್ತು ಬರುತ್ತದೆ. ಮೊದಲ ಸುತ್ತು ಕಹಿ, ಮೂರನೆಯದು ಪಾಯಸದಷ್ಟು ಸಿಹಿ, ನಡುವೆ ಓಣಿಯ ಸುದ್ದಿಯೆಲ್ಲ ಮುಗಿಯುತ್ತದೆ. ಎದ್ದು ಹೋಗುವ ಅವಸರವಿರುವವರು ಒಪ್ಪಿಕೊಳ್ಳದಿರುವುದೇ ಲೇಸು.

ಭಾಷಾ ಪಾಠಗಳು ಚೆನ್ನಾಗಿದ್ದವು. ವ್ಯಾಕರಣ ಕಡಿಮೆ, ಮಾತು ಹೆಚ್ಚು. ಮಧ್ಯಾಹ್ನ ಮನೆಯಲ್ಲಿ ಮಕ್ಕಳ ಜೊತೆ ಮಾತಾಡಿಕೊಂಡು ಬರಬೇಕಾದ ವಾಕ್ಯಗಳನ್ನು ಮರುದಿನ ಒಪ್ಪಿಸಬೇಕು. ಕನ್ನಡಿಗರಿಗೆ ಕುತೂಹಲದ ಒಂದು ಹಿನ್ನೆಲೆ ಇಲ್ಲಿದೆ. ಸೆನೆಗಲ್‌ನ ಮೊದಲ ಅಧ್ಯಕ್ಷ ಹಾಗೂ ಕವಿ ಲಿಯೊಪೋಲ್ಡ್ ಸೆದಾರ್ ಸೆಂಗೋರ್ ಅವರಿಗೆ ದ್ರಾವಿಡ ಭಾಷೆಗಳ ಬಗ್ಗೆ ಅಪಾರ ಆಸಕ್ತಿಯಿತ್ತು. 1970ರ ದಶಕದಲ್ಲಿ ನಮ್ಮ ಕರಾವಳಿಯ ವಿದ್ವಾಂಸ ದಂಪತಿಗಳಾದ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ಅವರು ಡಾಕಾರ್ ವಿಶ್ವವಿದ್ಯಾಲಯದಲ್ಲಿದ್ದು ವೊಲೊಫ್ ಮೊದಲಾದ ಭಾಷೆಗಳನ್ನು ದ್ರಾವಿಡ ಭಾಷೆಗಳೊಂದಿಗೆ ಹೋಲಿಸುವ ಕೆಲಸ ಮಾಡಿದರು. ಎರಡೂ ಒಂದೇ ಮೂಲದವು ಎಂಬ ವಾದವನ್ನು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿಲ್ಲ. ಆದರೆ ನಮ್ಮವರಿಗೆ ಆ ಭಾಷೆಯ ಉಚ್ಚಾರಣೆ ಬೇಗ ಹಿಡಿತಕ್ಕೆ ಸಿಗುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಕಂಡೆ. ಸಹೋದ್ಯೋಗಿಗಂತೂ ಉರ್ದು ಬರುತ್ತಿದ್ದುದರಿಂದ ನಮಸ್ಕಾರದ ಅರ್ಧ ಮಾತುಗಳು ಕಲಿಯುವ ಮೊದಲೇ ಬಂದುಬಿಟ್ಟವು.

ಹೊಸ ಹೆಸರು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಸಿಮ್ ಕಾರ್ಡ್, ಮೊಬೈಲಿನ ಹಣ ವರ್ಗಾವಣೆ, ಔಷಧಿಯ ಚೀಟಿ, ಪೊಲೀಸರ ವಿಚಾರಣೆ, ಇವೆಲ್ಲಕ್ಕೂ ಪಾಸ್‌ಪೋರ್ಟಿನ ಹೆಸರೇ. ಓಣಿಯ ಔಷಧಿ ಅಂಗಡಿಯವರು ಮರೇಮ್ ಜೋಪ್ ಎಂದು ಬರೆದುಬಿಟ್ಟರೆ ಮುಂದೆ ವಿಮೆಯ ಹಣ ಕೇಳುವಾಗ ತೊಂದರೆ. ಸೆನೆಗಲ್ ಹಳದಿ ಜ್ವರದ ಅಪಾಯವಿರುವ ದೇಶವಾದ್ದರಿಂದ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸುತ್ತಾರೆ. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಲ್ಲಿಂದಲೇ ಒಯ್ಯುವುದು ಸೂಕ್ತ.

ಈ ಮನೆವಾಸ ಎಲ್ಲರಿಗೂ ಒಗ್ಗುವಂಥದಲ್ಲ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಇರಲು ಬಯಸುವವರು, ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆರೆಯಬೇಕಾದವರು, ಯಾರಾದರೂ ‘ನೀನು ನಮ್ಮ ಆಳು’ ಎಂದರೆ ರಕ್ತ ಕುದಿಯುವವರು ಹೋಟೆಲಿನಲ್ಲಿ ಉಳಿದು ಪಾಠಕ್ಕೆ ಮಾತ್ರ ಸೇರಬಹುದು. ಮನೆಯನ್ನು ಆರಿಸುವವರು ಅರ್ಜಿಯ ಜೊತೆಗೆ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕೆಂದು ನನ್ನ ಸಲಹೆ: ಮನೆಯಲ್ಲಿ ಹಿರಿಯರು ಇದ್ದಾರೆಯೇ, ಊಟದ ನಿರ್ಬಂಧ ಮನೆಯವರಿಗೇ ತಿಳಿಸಲಾಗಿದೆಯೇ, ಹೆಸರಿಡುವ ಕೆಲಸವನ್ನು ಮನೆಯವರಿಗೆ ಬಿಡುತ್ತಾರೆಯೇ. ಹಿರಿಯರಿಲ್ಲದ ಮನೆಗೆ ಹೋದ ಸಹಪಾಠಿಯೊಬ್ಬರಿಗೆ ಚೆಂದದ ಕೋಣೆ ಸಿಕ್ಕಿತು, ವೈಫೈ ಸಿಕ್ಕಿತು, ಹೆಸರು ಮಾತ್ರ ಪಕ್ಕದ ಮನೆಯ ಅಜ್ಜಿಯಿಂದ ಬರಬೇಕಾಯಿತು. ಆಮೇಲೆ ಅವರು ಸಂಜೆಯ ಚಹಾಕ್ಕೂ ಅಲ್ಲಿಗೇ ಹೋಗತೊಡಗಿದರು, ಬಾಡಿಗೆಯ ಮನೆಯವರಿಗೆ ಇದು ಸರಿಬೀಳಲಿಲ್ಲ. ನಾವು ಹೊರಡುವಾಗ ಭರ್ತಿ ಮಾಡಿದ ಅಭಿಪ್ರಾಯ ಪತ್ರದಲ್ಲಿ ಬ್ಯಾಡ್ಜಿನ ಬಗ್ಗೆ ಬರೆದಿದ್ದೇವೆ. ಕೋಣೆ, ಊಟ, ಪಾಠ, ಸುರಕ್ಷತೆ ಎಂಬ ಶೀರ್ಷಿಕೆಗಳಿದ್ದ ಆ ಪತ್ರದಲ್ಲಿ ಹೆಸರಿಗೆಂದು ಪ್ರತ್ಯೇಕ ಜಾಗವಿರಲಿಲ್ಲ, ಆದ್ದರಿಂದ ‘ಇತರೆ’ ಎಂಬಲ್ಲಿ ಬರೆದು, ಜಾಗ ಸಾಲದೆ ಹಿಂಬದಿಯಲ್ಲಿ ಮುಂದುವರಿಸಿದ್ದೇವೆ.